ಮೂರು ನೆಲಕ್ಕೆ ಒಂದು ಬ್ಯಾಗು

ತಾಳವಾಡಿಯಲ್ಲಿ ಗಾಲ್ಫ್ ಮೈದಾನ ಇಲ್ಲ. ಸತ್ಯಮಂಗಲ ಹುಲಿ ಮೀಸಲು ಕಾಡಿನ ಮಗ್ಗುಲಲ್ಲಿ, ಬೋರ್‌ವೆಲ್ ನೀರು ನಂಬಿ ಅರಿಶಿನ, ಬಾಳೆ, ಕೋಸು ಬೆಳೆಯುವ ಸೀಮೆಗೆ ಅಂಥದ್ದೊಂದು ಬರುವುದೂ ಬೇಡ ಎನ್ನುವವನು ನಾನು. ಅಷ್ಟು ಹುಲ್ಲಿಗೆ ಕುಡಿಸುವ ನೀರು ಇಲ್ಲಿನ ಹೊಲಗಳಿಗೇ ಬೇಕು. ಆದರೂ ಈ ಬೆಟ್ಟದ ಮೇಲಿರುವವರಿಗೆ ಗಾಲ್ಫ್ ದೂರದ ಆಟವೇನಲ್ಲ. ಉತ್ತರಕ್ಕೆ ಚಾಮರಾಜನಗರ ದಾಟಿ ಮೈಸೂರು ಸೇರಿದರೆ ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್‌ಕೋರ್ಸಿನ ಆವರಣದಲ್ಲೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಪಶ್ಚಿಮಕ್ಕೆ ಗುಂಡ್ಲುಪೇಟೆ, ಬಂಡೀಪುರದ ಮೂಲಕ ಏರಿದರೆ ಊಟಿಯ ಜಿಮ್ಖಾನಾ ಕ್ಲಬ್ಬಿನ 18 ಹೋಲುಗಳ ಮೈದಾನ. ದಕ್ಷಿಣಕ್ಕೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ಹಾದು ಹೋದರೆ ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿ ಇನ್ನೊಂದು. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟರಲ್ಲಿ ಇವುಗಳಲ್ಲಿ ಯಾವುದಾದರೂ ಒಂದನ್ನು ಆಡಿ ಬರಬಹುದು. ಬಂಡೀಪುರದಲ್ಲೂ ದಿಂಬಂನಲ್ಲೂ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದನ್ನು ಮಾತ್ರ ಮರೆಯಬಾರದು.

ಓದು, ಕೆಲಸ ಎಂದು ಮೈಸೂರು, ಬೆಂಗಳೂರು, ಕೊಯಮತ್ತೂರು ಸೇರಿದ ಇಲ್ಲಿನ ಹುಡುಗ ಹುಡುಗಿಯರಿಗೆ ಸಹೋದ್ಯೋಗಿಗಳ ಜೊತೆ ಡ್ರೈವಿಂಗ್ ರೇಂಜಿಗೆ ಹೋಗಿ ನಾಲ್ಕು ಚೆಂಡು ಹೊಡೆಯುವ ಅವಕಾಶ ಸಿಗುತ್ತದೆ. ನಾಲ್ಕರಲ್ಲಿ ಒಂದು ಚೆನ್ನಾಗಿ ಹಾರಿದರೆ ಸಾಕು, ಆ ರಾತ್ರಿಯೇ ಫೋನಿನಲ್ಲಿ ಕ್ಲಬ್‌ಗಳ, ಅಂದರೆ ಚೆಂಡು ಹೊಡೆಯುವ ಕೋಲುಗಳ, ಹುಡುಕಾಟ ಶುರು. ಅಂಥವರಿಗಾಗಿ ಈ ಬರಹ. ಹೇಳಬೇಕಾದ್ದು ಇಷ್ಟೇ: ಕ್ಲಬ್ ಆರಿಸುವಾಗ ಮೊದಲು ನಿಮ್ಮ ಮೈ, ಆಮೇಲೆ ನೀವು ಆಡುವ ನೆಲ. ಚೆಂಡು ಎಷ್ಟು ದೂರ ಹೋಗುತ್ತದೆ ಎಂಬ ಜಾಹೀರಾತಿನ ಮಾತಿಗೆ ಕಿವಿಗೊಡುವುದು ಕೊನೆಗೆ.

ಗುದ್ದಲಿ ಹಿಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಾವು ಗಿಡ್ಡವಾದರೆ ಸೊಂಟ ಹೋಗುತ್ತದೆ, ಉದ್ದವಾದರೆ ಏಟು ತಪ್ಪುತ್ತದೆ. ಕಾವಿಗೂ ಅಲಗಿಗೂ ನಡುವಿನ ಕೋನ ಕೆಟ್ಟರೆ ಅಲಗಿನ ಒಂದು ಮೂಲೆ ಮಾತ್ರ ಮಣ್ಣಿಗೆ ಕಚ್ಚುತ್ತದೆ. ಗಾಲ್ಫ್ ಕ್ಲಬ್ಬಿನಲ್ಲೂ ಮೊದಲು ನೋಡಬೇಕಾದವು ಈ ಎರಡೇ, ಉದ್ದ ಮತ್ತು ಕೋನ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗಂಡಸರ ಸೆಟ್ಟುಗಳನ್ನು ಮಾಡಿರುವುದು ಹೆಚ್ಚುಕಡಿಮೆ ಐದು ಅಡಿ ಒಂಬತ್ತು ಹತ್ತು ಅಂಗುಲದ ಮನುಷ್ಯನಿಗೆ. ಅದರಲ್ಲಿ ಏಳನೇ ನಂಬರ್ ಐರನ್ ಸುಮಾರು 37 ಅಂಗುಲ ಉದ್ದ ಇರುತ್ತದೆ. ನಮ್ಮ ಕಡೆ ಐದೂವರೆ ಅಡಿಯವರೇ ಹೆಚ್ಚು. ಹಾಗೆಂದು ಎತ್ತರ ಒಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಗಿಡ್ಡ ಮೈಗೆ ಉದ್ದ ಕೈ ಇರಬಹುದು, ಎತ್ತರದವರ ಕೈ ಗಿಡ್ಡ ಇರಬಹುದು. ಚಪ್ಪಲಿ ಬಿಟ್ಟು ನೆಟ್ಟಗೆ ನಿಂತು, ಕೈಗಳನ್ನು ಸಡಿಲವಾಗಿ ಇಳಿಬಿಟ್ಟು, ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಮನೆಯವರ ಹತ್ತಿರ ಟೇಪಿನಲ್ಲಿ ಅಳತೆ ತೆಗೆಸಿ. ಅದು 34ರಿಂದ 36 ಅಂಗುಲದ ನಡುವೆ ಬಂದರೆ ಸಾಮಾನ್ಯ ಉದ್ದದ ಕ್ಲಬ್ ಸಾಕು. ಅದಕ್ಕಿಂತ ಕಡಿಮೆಯಾದರೆ ಕಾಲು ಅಥವಾ ಅರ್ಧ ಅಂಗುಲ ಕತ್ತರಿಸಬೇಕಾಗಬಹುದು. ಕತ್ತರಿಸುವುದು ಸುಲಭ, ಜೋಡಿಸುವುದು ಕಷ್ಟ. ಹಾಗಾಗಿ ಸಂದೇಹ ಬಂದರೆ ಮೊದಲು ಹಾಗೆಯೇ ಆಡಿ ನೋಡಿ.

ಕೋನ ಸರಿಯಿದೆಯೇ ಎಂದು ನೋಡಲು ಯಂತ್ರ ಬೇಡ. ಬಿಳಿ ಹಲಗೆಯ ಮೇಲೆ ಬರೆಯುವ ಮಾರ್ಕರ್ ತಗೊಂಡು ಚೆಂಡಿನ ಮೇಲೆ ದಪ್ಪಗೆ ಒಂದು ಗೆರೆ ಎಳೆಯಿರಿ. ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಮುಖಕ್ಕೆ ಎದುರಾಗುವಂತೆ ಚೆಂಡನ್ನಿಟ್ಟು ಹೊಡೆಯಿರಿ. ಗೆರೆಯ ಅಚ್ಚು ಮುಖದ ಮೇಲೆ ಬೀಳುತ್ತದೆ. ಅದು ನೆಟ್ಟಗಿದ್ದರೆ ಕೋನ ನಿಮಗೆ ಹೊಂದಿದೆ. ಐದಾರು ಸಲ ಹೊಡೆದರೂ ಒಂದೇ ಕಡೆಗೆ ವಾಲಿ ಬಿದ್ದರೆ ಕೋನವನ್ನು ಬಾಗಿಸಿ ತಿದ್ದಿಸಬೇಕು. ಬಲಗೈಯವರ ಕೈಯಲ್ಲಿ ಕ್ಲಬ್ಬಿನ ಮೂತಿ, ಅಂದರೆ ತಲೆಯ ಹೊರತುದಿ, ಮೇಲೆದ್ದಿದ್ದರೆ ಚೆಂಡು ಎಡಕ್ಕೆ ಹೋಗುತ್ತದೆ, ಮೂತಿ ನೆಲಕ್ಕೆ ಕಚ್ಚಿದರೆ ಬಲಕ್ಕೆ. ವರ್ಷಗಟ್ಟಲೆ ತಮ್ಮ ಸ್ವಿಂಗನ್ನೇ ಬೈದುಕೊಂಡವರ ಬ್ಯಾಗಿನಲ್ಲಿ ಕೊನೆಗೆ ಸಿಗುವ ದೋಷ ಎಷ್ಟೋ ಸಲ ಇದೇ.

ಚೆಂಡು ಮುಖದ ಎಲ್ಲಿಗೆ ತಗಲುತ್ತಿದೆ ಎಂದು ನೋಡಲು ಸೀಮೆಸುಣ್ಣ ಸಾಕು. ಮುಖದ ಮೇಲೆ ತೆಳ್ಳಗೆ ಉಜ್ಜಿ ಹತ್ತು ಚೆಂಡು ಹೊಡೆದರೆ ಗುರುತು ಬೀಳುತ್ತದೆ. ಗುರುತುಗಳು ನಡುವಿನ ಸುತ್ತ ಒಂದೇ ಕಡೆ ಗುಂಪಾಗಿ ಬಿದ್ದರೆ ನಿಮ್ಮ ಮುಂದೆ ಆಯ್ಕೆ ಹೆಚ್ಚು. ಮುಖದ ತುಂಬ ಚೆಲ್ಲಾಪಿಲ್ಲಿಯಾಗಿದ್ದರೆ, ಹೊಸಬರದ್ದು ಹಾಗೇ ಇರುತ್ತದೆ, ಅಗಲ ತಳದ, ಹಿಂಭಾಗ ಕೊರೆದ ಐರನ್‌ಗಳೇ ನಿಮಗೆ ತಕ್ಕವು. ಅವನ್ನು ಕ್ಯಾವಿಟಿ ಬ್ಯಾಕ್ ಎನ್ನುತ್ತಾರೆ. ತೂಕವನ್ನು ನಡುವಿನಿಂದ ಅಂಚುಗಳಿಗೆ ಸರಿಸಿದರೆ, ಏಟು ಅಂಚಿಗೆ ಬಿದ್ದಾಗ ಕ್ಲಬ್ಬಿನ ತಲೆ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್‌ಹೈಮ್ ತನ್ನ ಪಟರ್, ಅಂದರೆ ಚೆಂಡನ್ನು ಹೋಲಿನೊಳಗೆ ಉರುಳಿಸುವ ಕ್ಲಬ್, ಸರಿಯಾಗಿ ಹೊಡೆಯುತ್ತಿಲ್ಲ ಎಂದು ಬೇಸತ್ತು, 1959ರಲ್ಲಿ ಎರಡು ತುದಿಗೂ ತೂಕ ಹಂಚಿದ ಪಟರನ್ನು ತಾನೇ ಮಾಡಿಕೊಂಡರು. ಪಿಂಗ್ ಕಂಪನಿ ಹುಟ್ಟಿದ್ದು ಅದರಿಂದ. ಮುಂದೆ ಅದೇ ವಿಚಾರ ಐರನ್‌ಗಳಿಗೂ ಬಂತು. ನನ್ನಂಥ ಸಾಧಾರಣ ಆಟಗಾರರು ಇಂದು ಆನಂದದಿಂದ ಆಡುತ್ತಿರುವುದಕ್ಕೆ ಆ ಮನುಷ್ಯನ ಋಣ ದೊಡ್ಡದು.

ಇನ್ನು ಶಾಫ್ಟ್, ಅಂದರೆ ಕ್ಲಬ್ಬಿನ ಕಾವು. ಅದರ ಮೇಲೆ ಎಲ್, ಎ, ಆರ್, ಎಸ್, ಎಕ್ಸ್ ಎಂದು ಅಕ್ಷರ ಇರುತ್ತದೆ. ಎಲ್ ಬಹಳ ಬಳುಕುವುದು, ಎಕ್ಸ್ ಬಹಳ ಬಿಗಿ. ಡ್ರೈವರಿನಲ್ಲಿ ನಿಮ್ಮ ಚೆಂಡು ಗಾಳಿಯಲ್ಲೇ 200 ಗಜ ದಾಟುತ್ತಿಲ್ಲವಾದರೆ ಎ ಅಥವಾ ಎಲ್ ನೋಡಿ. 200ರಿಂದ 240 ಗಜ ಹೋಗುತ್ತಿದ್ದರೆ ಆರ್. ಅದಕ್ಕೂ ಮೇಲೆ ಹೊಡೆಯುವವರು ಎಸ್ ಕಡೆ ಕೈ ಚಾಚಬಹುದು. ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಎಂಬುದೇ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟೇ ಬಿಗಿ ಇರಬಹುದು. ಆದ್ದರಿಂದ ಅಕ್ಷರ ನೋಡಿ ಕೊಳ್ಳಬೇಡಿ, ಹೊಡೆದು ನೋಡಿ ಕೊಳ್ಳಿ. ಬಿಗಿ ಶಾಫ್ಟ್ ಹಿಡಿದರೆ ಗಂಡಸುತನ ಎಂಬ ಭಾವನೆ ರೇಂಜುಗಳಲ್ಲಿ ಇನ್ನೂ ಇದೆ. ಅದರಿಂದ ಬರುವುದು ಬಲಕ್ಕೆ ಹೊರಳುವ ಗಿಡ್ಡ ಚೆಂಡು ಮತ್ತು ಮೊಣಕೈ ನೋವು. ತೂಕದಲ್ಲೂ ವ್ಯತ್ಯಾಸ ದೊಡ್ಡದು: ಐರನ್‌ಗಳ ಸ್ಟೀಲ್ ಶಾಫ್ಟ್ 95ರಿಂದ 130 ಗ್ರಾಂ ಇದ್ದರೆ ಗ್ರಾಫೈಟಿನದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಹಗುರ. ಐವತ್ತು ದಾಟಿದವರು, ಕೀಲು ನೋವಿರುವವರು, ಸ್ವಿಂಗ್ ನಿಧಾನವಿರುವವರು ಗ್ರಾಫೈಟ್ ತಗೊಳ್ಳಿ.

ಅಂಗಡಿಯವರು ಹೇಳದೆ ಬಿಡುವ ಸಂಗತಿ ಇನ್ನೊಂದಿದೆ. ಐರನ್ ಮೇಲೆ ಬರೆದಿರುವ ನಂಬರಿಗೂ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬುದಕ್ಕೂ, ಅಂದರೆ ಲಾಫ್ಟಿಗೂ, ಈಗ ಗಟ್ಟಿ ಸಂಬಂಧ ಉಳಿದಿಲ್ಲ. ಹಳೆಯ ಸೆಟ್ಟಿನಲ್ಲಿ ಏಳನೇ ನಂಬರಿನ ಲಾಫ್ಟ್ 34, 35 ಡಿಗ್ರಿ ಇರುತ್ತಿತ್ತು. ದೂರ ಹೊಡೆಯುತ್ತದೆ ಎಂದು ಮಾರುವ ಇಂದಿನ ಸೆಟ್ಟುಗಳಲ್ಲಿ ಅದು 28, 29ಕ್ಕೆ ಇಳಿದಿದೆ. ಗೆಳೆಯನ ಹೊಸ ಏಳು ನಿಮ್ಮ ಹಳೆಯ ಏಳಕ್ಕಿಂತ ಹದಿನೈದು ಗಜ ಹೆಚ್ಚು ಹೋಯಿತೆಂದರೆ ಅವನು ನಿಜವಾಗಿ ಹೊಡೆದದ್ದು ನಿಮ್ಮ ಐದನ್ನೋ ಆರನ್ನೋ. ಇದರಿಂದ ಬರುವ ತೊಂದರೆ ಸೆಟ್ಟಿನ ಇನ್ನೊಂದು ತುದಿಯಲ್ಲಿ ಕಾಣುತ್ತದೆ. ಅಂಥ ಸೆಟ್ಟಿನ ಪಿಚಿಂಗ್ ವೆಡ್ಜ್ 43 ಡಿಗ್ರಿ, ನೀವು ಬೇರೆಯಾಗಿ ಕೊಂಡ ಸ್ಯಾಂಡ್ ವೆಡ್ಜ್ 56 ಡಿಗ್ರಿ ಎಂದಿಟ್ಟುಕೊಳ್ಳಿ. ನಡುವೆ 13 ಡಿಗ್ರಿಯ ಖಾಲಿ ಜಾಗ. ಒಂದರಲ್ಲಿ 105 ಗಜ ಹೋದರೆ ಇನ್ನೊಂದರಲ್ಲಿ 70. ಹಸಿರಿಗೆ, ಅಂದರೆ ಹೋಲು ಇರುವ ಗ್ರೀನಿಗೆ, 85, 90 ಗಜ ಉಳಿದಾಗ ಕೈಗೆ ಯಾವ ಕ್ಲಬ್ಬೂ ಸಿಗುವುದಿಲ್ಲ. ಸಾಮಾನ್ಯ ಆಟಗಾರನಿಗೆ ಪ್ರತಿ ಹೋಲಿನಲ್ಲೂ ಎಂಬಂತೆ ಉಳಿಯುವ ದೂರ ಅದೇ. ಆದ್ದರಿಂದ ಯಾವ ಸೆಟ್ ಕೊಳ್ಳುವುದಿದ್ದರೂ ಪ್ರತಿ ಕ್ಲಬ್ಬಿನ ಲಾಫ್ಟನ್ನು ಕಂಪನಿಯ ಪಟ್ಟಿಯಲ್ಲಿ ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಆಡುತ್ತ ಹೋದಂತೆ ಪಕ್ಕದಲ್ಲೇ ನಿಮ್ಮ ದೂರವನ್ನೂ. ಐರನ್‌ಗಳ ನಡುವೆ ನಾಲ್ಕು ಡಿಗ್ರಿ, ವೆಡ್ಜ್‌ಗಳ ನಡುವೆ ನಾಲ್ಕರಿಂದ ಆರು, ಹೆಚ್ಚೆಂದರೆ ಏಳು ಡಿಗ್ರಿ ಅಂತರ ಇದ್ದರೆ ಸರಿ. ಮೇಲಿನ ಉದಾಹರಣೆಗೆ 49 ಅಥವಾ 50 ಡಿಗ್ರಿಯ ಒಂದು ವೆಡ್ಜ್ ಸೇರಿದರೆ ಬ್ಯಾಗು ತುಂಬಿದಂತೆ.

ಡ್ರೈವರಿನ ವಿಷಯದಲ್ಲೂ ಲಾಫ್ಟೇ ಮಾತಾಡುತ್ತದೆ. ಒಂಬತ್ತು ಡಿಗ್ರಿಯ ಡ್ರೈವರ್ ವೇಗವಾಗಿ ಬೀಸುವವರಿಗೆ. ನಿಧಾನವಾಗಿ ಬೀಸುವವರಿಗೆ ಚೆಂಡನ್ನು ಗಾಳಿಯಲ್ಲಿ ಹಿಡಿದಿಡಲು 11, 12 ಡಿಗ್ರಿ ಬೇಕು. ಡ್ರೈವರಿನ ತಲೆಯ ಗಾತ್ರಕ್ಕೆ ನಿಯಮ ಇಟ್ಟಿರುವ ಮಿತಿ 460 ಘನ ಸೆಂಟಿಮೀಟರ್, ಈಗ ಬರುವ ಬಹುಪಾಲು ಅಷ್ಟೇ ದೊಡ್ಡವು. ಮೊದಲ ವರ್ಷ ಡ್ರೈವರನ್ನೇ ಕೊಳ್ಳದಿದ್ದರೂ ನಷ್ಟವಿಲ್ಲ ಎನ್ನುತ್ತೇನೆ. 18 ಡಿಗ್ರಿಯ ಐದನೇ ನಂಬರ್ ವುಡ್ ಒಂದಿದ್ದರೆ ಟೀ ಮೇಲಿಂದಲೂ ಹೊಡೆಯಬಹುದು, ಹುಲ್ಲಿನ ಮೇಲಿಂದಲೂ ಹೊಡೆಯಬಹುದು. ಮೂರು, ನಾಲ್ಕನೇ ನಂಬರಿನ ಐರನ್‌ಗಳನ್ನು ಯಾರಾದರೂ ಬಿಟ್ಟಿ ಕೊಟ್ಟರೂ ಬೇಡ. ಅವುಗಳ ಬದಲು ಐರನ್ನೂ ವುಡ್ಡೂ ಬೆರೆತ ಹೈಬ್ರಿಡ್ ತಗೊಳ್ಳಿ.

ಇಷ್ಟೂ ಮೈಯ ಮಾತಾಯಿತು. ನೆಲದ ಮಾತು ಹೆಚ್ಚು ಸ್ವಾರಸ್ಯದ್ದು, ಮತ್ತು ನಮ್ಮ ಕಡೆಯವರಿಗೆ ಹೆಚ್ಚು ಮುಖ್ಯವಾದದ್ದು. ಕೊಯಮತ್ತೂರು ಸಮುದ್ರಮಟ್ಟದಿಂದ 400 ಮೀಟರ್ ಆಸುಪಾಸಿನಲ್ಲಿದೆ, ಮೈಸೂರು 770 ಮೀಟರ್, ಊಟಿ 2,200 ಮೀಟರಿಗೂ ಮೇಲೆ. ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ, ಚೆಂಡಿಗೆ ತಡೆ ಕಡಿಮೆಯಾಗುತ್ತದೆ. ಸಾವಿರ ಅಡಿ ಏರಿದರೆ ದೂರ ಶೇಕಡ ಒಂದಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ ಎಂಬುದು ಅಂದಾಜಿನ ಲೆಕ್ಕ. ಹಾಗೆ ನೋಡಿದರೆ ಚೆಟ್ಟಿಪಾಳ್ಯದಲ್ಲಿ 150 ಗಜ ಹೋಗುವ ಏಟು ಊಟಿಯಲ್ಲಿ ಸುಮಾರು 160 ಗಜ ಹೋಗಬೇಕು. ಬೆಳಗಿನ ಚಳಿಯಲ್ಲಿ ಚೆಂಡಿನ ಪುಟಿತ ಕುಗ್ಗಿ ಅದರಲ್ಲಿ ಒಂದಷ್ಟು ಕಳೆದುಹೋಗುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಪೂರ್ತಿ ಸಿಗುತ್ತದೆ. ತೆಳು ಗಾಳಿಯಲ್ಲಿ ಚೆಂಡು ಎಡಬಲಕ್ಕೆ ಬಾಗುವುದೂ ಕಡಿಮೆ. ಊಟಿಗೆ ಹೋಗುವವರು ಕ್ಲಬ್ ಬದಲಿಸಬೇಕಿಲ್ಲ, ತಮ್ಮ ಚೀಟಿಯಲ್ಲಿ ಬರೆದಿರುವ ದೂರಗಳನ್ನು ಒಂದು ಕ್ಲಬ್ಬಿನಷ್ಟು ಸರಿಸಿಕೊಂಡರೆ ಸಾಕು.

ಊಟಿಯ ಮೈದಾನದಲ್ಲಿ ಸಮತಟ್ಟಾಗಿ ನಿಂತು ಹೊಡೆಯುವ ಏಟು ಸಿಗುವುದೇ ಅಪರೂಪ. ಒಂದೋ ಚೆಂಡು ಪಾದಕ್ಕಿಂತ ಮೇಲೆ, ಇಲ್ಲವೇ ಕೆಳಗೆ. ಗುಡ್ಡದ ಇಳಿಜಾರಿನಲ್ಲಿ ಉದ್ದನೆಯ ಐರನ್ ಬೀಸಿ ಚೆಂಡನ್ನು ಎತ್ತುವುದು ನುರಿತವರ ಕೆಲಸ. ಅಂಥಲ್ಲಿ 21, 22 ಡಿಗ್ರಿಯ ಏಳನೇ ನಂಬರ್ ವುಡ್ಡು ಅಥವಾ ಅದೇ ಲಾಫ್ಟಿನ ಹೈಬ್ರಿಡ್ ಕೈ ಹಿಡಿಯುತ್ತದೆ. ಅಗಲ ತಳ ಹುಲ್ಲಿನ ಮೇಲೆ ಜಾರಿ ಚೆಂಡನ್ನು ಎತ್ತಿ ಕಳಿಸುತ್ತದೆ. ಇಕ್ಕೆಲಗಳಲ್ಲಿ ಹಳದಿ ಹೂವಿನ ಮುಳ್ಳುಗಿಡದ ಪೊದೆಗಳು, ಬ್ರಿಟಿಷರು ತಂದು ನೆಟ್ಟ ಗಾರ್ಸ್. ಅದರೊಳಗೆ ಹೋದ ಚೆಂಡನ್ನು ಹುಡುಕಲು ಕೈ ಹಾಕಬೇಡಿ. ಇಲ್ಲೂ ಡ್ರೈವರಿಗಿಂತ ಐದನೇ ವುಡ್ಡೇ ಜಾಣತನ.

ವೆಡ್ಜ್ ಆರಿಸುವಾಗ ನೆಲದ ಪಾತ್ರ ಎಲ್ಲಕ್ಕಿಂತ ದೊಡ್ಡದು. ವೆಡ್ಜಿನ ತಳವನ್ನು ಬದಿಯಿಂದ ನೋಡಿ: ಹಿಂದಿನ ಅಂಚು ಮುಂದಿನ ಅಂಚಿಗಿಂತ ಕೆಳಗೆ ಇಳಿದಿರುತ್ತದೆ. ಹಾಗೆ ಇಳಿದಿರುವ ಕೋನವೇ ಬೌನ್ಸ್. ಅದು ಹೆಚ್ಚಿದ್ದರೆ ಕ್ಲಬ್ ಮಣ್ಣಿನೊಳಗೆ ಹೂತುಕೊಳ್ಳದೆ ಜಾರಿ ಮುಂದೆ ಹೋಗುತ್ತದೆ. ಕಡಿಮೆಯಿದ್ದರೆ ಅಲಗಿನಂತೆ ಒಳಗೆ ಇಳಿಯುತ್ತದೆ. 1932ಕ್ಕೂ ಮೊದಲು ಮರಳಿನ ಗುಂಡಿಯಿಂದ ಚೆಂಡು ಎತ್ತಲು ಆಟಗಾರರು ಚೂಪು ಅಂಚಿನ ತೆಳು ಐರನ್ ಬಳಸಿ ಒದ್ದಾಡುತ್ತಿದ್ದರು. ಅಮೆರಿಕದ ಜೀನ್ ಸಾರಜೆನ್ ಕ್ಲಬ್ಬಿನ ತಳಕ್ಕೆ ಲೋಹ ಬೆಸೆದು ದಪ್ಪ ಮಾಡಿ, ಅದನ್ನೇ ಹಿಡಿದು ಆ ವರ್ಷದ ಬ್ರಿಟಿಷ್ ಓಪನ್ ಗೆದ್ದರು. ಇಂದಿನ ಸ್ಯಾಂಡ್ ವೆಡ್ಜ್‌ಗಳೆಲ್ಲ ಅದರ ವಂಶದವು.

ಬೇಸಿಗೆಯಲ್ಲಿ ಮೈಸೂರು, ಕೊಯಮತ್ತೂರುಗಳ ನೆಲ ಗಟ್ಟಿಯಾಗುತ್ತದೆ, ಹುಲ್ಲು ತೆಳುವಾಗುತ್ತದೆ. ಅಲ್ಲಿ 14 ಡಿಗ್ರಿ ಬೌನ್ಸಿನ ವೆಡ್ಜ್ ಹಿಡಿದು ಹಸಿರಿನ ಅಂಚಿನಿಂದ ಮೆಲ್ಲಗೆ ಹೊಡೆದರೆ ಕ್ಲಬ್ ನೆಲಕ್ಕೆ ತಗುಲಿ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ, ಚೆಂಡು ಹಸಿರು ದಾಟಿ ಆಚೆ ಓಡುತ್ತದೆ. ಗಟ್ಟಿ ನೆಲಕ್ಕೆ ಆರೆಂಟು ಡಿಗ್ರಿ ಬೌನ್ಸ್ ಸಾಕು. ಮಳೆಗಾಲದ ಊಟಿಯ ಒದ್ದೆ ಮಣ್ಣು, ದಟ್ಟ ಹುಲ್ಲಿಗೆ ಇದು ತಿರುಗುಮುರುಗು. ಅಲ್ಲಿ ಕಡಿಮೆ ಬೌನ್ಸಿನದು ಮಣ್ಣಿನಲ್ಲಿ ನಾಟಿಕೊಂಡು ನಿಂತುಬಿಡುತ್ತದೆ, 12 ಡಿಗ್ರಿಯದು ಸಲೀಸಾಗಿ ಜಾರುತ್ತದೆ. ಎರಡೂ ಕಡೆ ಆಡುವ ನಮ್ಮಂಥವರು ಏನು ಮಾಡಬೇಕು? ನಾನು ಕೊಡುವ ಸಲಹೆ: ಎರಡು ವೆಡ್ಜ್‌ಗಳಿಗೆ ಎರಡು ಬಗೆಯ ಬೌನ್ಸ್ ಇರಲಿ. 50 ಅಥವಾ 52 ಡಿಗ್ರಿಯದಕ್ಕೆ ಎಂಟು, 56 ಡಿಗ್ರಿಯದಕ್ಕೆ ಹನ್ನೆರಡು. ಗಟ್ಟಿ ನೆಲದಲ್ಲಿ ಹಸಿರಿನ ಸುತ್ತ ಮೊದಲಿನದು, ಮರಳಿಗೂ ಒದ್ದೆ ನೆಲಕ್ಕೂ ಎರಡನೆಯದು. 60 ಡಿಗ್ರಿಯ ಲಾಬ್ ವೆಡ್ಜ್ ಟಿವಿಯಲ್ಲಿ ನೋಡಲು ಚೆಂದ, ಸದ್ಯಕ್ಕೆ ಅಲ್ಲೇ ಇರಲಿ.

ಪಟರ್ ಕೊಳ್ಳುವಾಗ ಜನ ಕೊನೆಯ ಹತ್ತು ನಿಮಿಷದಲ್ಲಿ ಉಳಿದ ಹಣ ಎಣಿಸಿ ಯಾವುದನ್ನೋ ಎತ್ತಿಕೊಳ್ಳುತ್ತಾರೆ. ಇದು ನನಗೆ ಬಹಳ ಬೇಸರದ ಸಂಗತಿ. ಪಾರ್ 72ರ ಮೈದಾನದ ಲೆಕ್ಕವೇ ಹೋಲಿಗೆ ಎರಡು ಪಟ್‌ನಂತೆ 36 ಏಟನ್ನು ಹಸಿರಿಗೆ ಮೀಸಲಿಟ್ಟಿದೆ, ಅಂದರೆ ಅರ್ಧ ಆಟ. ಡ್ರೈವರನ್ನು ಹೆಚ್ಚೆಂದರೆ 14 ಸಲ ತೆಗೆಯುತ್ತೀರಿ. ಪಟರಿನ ಮಹತ್ವವನ್ನು ಲೋಕಕ್ಕೆ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, ಕೋವಿಡ್‌ನಿಂದ ಚೇತರಿಸಿಕೊಂಡು ಬಂದಿದ್ದ ಆಕೆಯ ಡ್ರೈವುಗಳು ಪದಕಕ್ಕೆ ಸೆಣಸಿದ ಉಳಿದವರಿಗಿಂತ ಬಹಳ ಗಿಡ್ಡ. ಆದರೂ ಹಸಿರಿನ ಮೇಲಿನ ಆಟದ ಬಲದಿಂದ ಕೊನೆಯ ಹೋಲಿನವರೆಗೂ ಪದಕದ ಆಸೆ ಜೀವಂತವಾಗಿತ್ತು, ಒಂದೇ ಏಟಿನಲ್ಲಿ ಕೈತಪ್ಪಿ ನಾಲ್ಕನೇ ಸ್ಥಾನ ಬಂತು. ಅಂದು ಬೆಳಿಗ್ಗೆ ದೇಶದಲ್ಲಿ ಗಾಲ್ಫ್ ಎಂದರೇನೆಂದು ತಿಳಿಯದವರೂ ಟಿವಿ ಮುಂದೆ ಕೂತಿದ್ದರು. ಅದಿತಿಯ ತಾಯಿಯೇ ಕ್ಯಾಡಿಯಾಗಿ ಬ್ಯಾಗು ಹೊತ್ತಿದ್ದರು.

ಪಟರ್ ಆರಿಸುವ ಬಗೆ ಹೀಗೆ. ನಿಮ್ಮ ಸಹಜ ಭಂಗಿಯಲ್ಲಿ ಬಾಗಿ ನಿಂತು ಎಡಗಣ್ಣಿನ ನೇರಕ್ಕೆ ಒಂದು ಚೆಂಡು ಬಿಡಿ. ಅದು ಪಟರ್ ಮುಂದಿಟ್ಟ ಚೆಂಡಿನ ಮೇಲೆ ಅಥವಾ ಸ್ವಲ್ಪ ಒಳಗೆ ಬಿದ್ದರೆ ಉದ್ದ ಸರಿ. ಅಂಗಡಿಗಳಲ್ಲಿ ತೂಗುಹಾಕಿರುವವು ಬಹುಪಾಲು 34, 35 ಅಂಗುಲ. ಐದೂವರೆ ಅಡಿಯವರಿಗೆ 33 ಸಾಕಾಗುತ್ತದೆ. ಬೀಸು ನೆಟ್ಟಗೆ ಹಿಂದೆ ಮುಂದೆ ಹೋಗುವವರಿಗೆ ದೊಡ್ಡ ತಲೆಯ ಮ್ಯಾಲೆಟ್, ಕಮಾನಿನಂತೆ ಬಾಗಿ ಹೋಗುವವರಿಗೆ ತೆಳು ಬ್ಲೇಡ್ ಹೊಂದುತ್ತದೆ. ಇದು ಕಟ್ಟುನಿಟ್ಟಿನ ನಿಯಮವಲ್ಲ. ಐದು ಅಡಿ ದೂರದಿಂದ ಇಪ್ಪತ್ತು ಚೆಂಡು ಹಾಕಿ ನೋಡಿ, ಯಾವುದರಲ್ಲಿ ಹೆಚ್ಚು ಹೋದವೋ ಅದೇ ನಿಮ್ಮದು. ವೆಡ್ಜ್ ಬಿಟ್ಟು ಸೆಟ್ಟಿನ ಬಾಕಿ ಎಲ್ಲವನ್ನೂ ಹಳೆಯದು ಕೊಂಡರೂ ಪಟರಿಗೆ ಸ್ವಲ್ಪ ಹೆಚ್ಚು ಹಣ, ಹೆಚ್ಚು ಹೊತ್ತು ಕೊಡಿ.

ಒಟ್ಟು ಎಷ್ಟು ಕ್ಲಬ್ ಬೇಕು? ನಿಯಮ ಬ್ಯಾಗಿನಲ್ಲಿ 14 ಮೀರಬಾರದು ಎನ್ನುತ್ತದೆ. ಈ ಮಿತಿ ಬಂದದ್ದು ಅಮೆರಿಕದಲ್ಲಿ 1938ರಲ್ಲಿ, ಬ್ರಿಟನ್ನಿನಲ್ಲಿ ಮರುವರ್ಷ. ಅದಕ್ಕೂ ಮೊದಲು ಇಪ್ಪತ್ತು, ಇಪ್ಪತ್ತೈದು ಕ್ಲಬ್ ಹೊರಿಸಿಕೊಂಡು ಹೋಗುತ್ತಿದ್ದವರಿದ್ದರು, ಕ್ಯಾಡಿಗಳ ಬೆನ್ನು ಮುರಿಯುತ್ತಿತ್ತು. 14 ಎಂಬುದು ಮೇಲಿನ ಮಿತಿಯೇ ಹೊರತು ತುಂಬಲೇಬೇಕಾದ ಲೆಕ್ಕವಲ್ಲ. ಹೊಸಬರಿಗೆ ಏಳೆಂಟು ಸಾಕು: ಐದನೇ ವುಡ್, 22 ಡಿಗ್ರಿ ಆಸುಪಾಸಿನ ಹೈಬ್ರಿಡ್, ಆರು ಮತ್ತು ಎಂಟನೇ ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್, ಪಟರ್. ಹೆಗಲಿಗೆ ಹಾಕಿಕೊಂಡು ನೀವೇ ನಡೆಯಬಹುದು, ಬಸ್ಸಿನಲ್ಲಿ ಒಯ್ಯಬಹುದು. ಕ್ಲಬ್ ಕಡಿಮೆಯಿದ್ದಾಗ ಒಂದೇ ಕ್ಲಬ್ಬಿನಲ್ಲಿ ಪೂರ್ತಿ, ಮುಕ್ಕಾಲು, ಅರ್ಧ ಏಟು ಹೊಡೆಯುವುದನ್ನು ಕೈ ತಾನೇ ಕಲಿಯುತ್ತದೆ. ಬಿಡದಿ ಹತ್ತಿರದ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದು, ಚೆಂಡು ಹೆಕ್ಕುತ್ತಲೇ ಆಟ ಕಲಿತು ವೃತ್ತಿಪರ ಟೂರಿನಲ್ಲಿ ಗೆದ್ದ ಚಿಕ್ಕರಂಗಪ್ಪ ಅವರನ್ನು ನೆನಪಿಡಿ: ಆಟ ಶುರು ಮಾಡಲು ಪೂರ್ತಿ ಸೆಟ್ ಬೇಕಿಲ್ಲ.

ಹಣದ ಮಾತಿಗೆ ಬರೋಣ. ಹೆಸರಾಂತ ಕಂಪನಿಯ ಹೊಸ ಡ್ರೈವರ್ ಒಂದೇ 50,000 ರೂಪಾಯಿ ಆಸುಪಾಸಿನದು. ಅರಿಶಿನದ ಬೆಲೆ ಏರಿದ ವರ್ಷದಲ್ಲೂ ಅಷ್ಟು ಹಣವನ್ನು ಒಂದು ಕ್ಲಬ್ಬಿಗೆ ಹಾಕುವುದು ಬೇಡ. ಐರನ್ ಎಂಬುದು ಬೇಗ ಸವೆಯುವ ವಸ್ತುವಲ್ಲ; ಹತ್ತು ವರ್ಷ ಹಳೆಯ ಕ್ಯಾವಿಟಿ ಬ್ಯಾಕ್ ಸೆಟ್ ಇನ್ನೂ ಹತ್ತು ವರ್ಷ ಆಡುತ್ತದೆ. ಮೈಸೂರು, ಬೆಂಗಳೂರಿನ ಮೈದಾನಗಳಲ್ಲಿ ಸದಸ್ಯರು ಎರಡು ಮೂರು ವರ್ಷಕ್ಕೊಮ್ಮೆ ಸೆಟ್ ಬದಲಿಸುತ್ತಾರೆ. ಹಳೆಯದು ಯಾರ ಬಳಿ ಇದೆ, ಅದನ್ನು ಹೇಗೆ ಬಳಸಿದ್ದಾರೆ ಎಂಬುದು ಅಲ್ಲಿನ ಕ್ಯಾಡಿಗಳಿಗೆ ಮತ್ತು ಕ್ಲಬ್ ರಿಪೇರಿ ಮಾಡುವವರಿಗೆ ಚೆನ್ನಾಗಿ ಗೊತ್ತು. ಅವರನ್ನು ವಿಶ್ವಾಸದಿಂದ ಮಾತಾಡಿಸಿ. ನಿಮ್ಮ ನಾಲ್ಕು ಏಟು ನೋಡಿದ ಅನುಭವಿ ಕ್ಯಾಡಿ, ‘ಸರ್, ಈ ಶಾಫ್ಟ್ ನಿಮಗೆ ಬಿಗಿ ಆಯ್ತು, ಬೇಡ’ ಎಂದರೆ ಆ ಮಾತನ್ನು ಕೇಳಿ. ದಿನವೂ ನೂರಾರು ಏಟು ನೋಡುವ ಕಣ್ಣದು.

ಹಳೆಯ ಸೆಟ್ ನೋಡುವಾಗ ತಲೆಯೂ ಶಾಫ್ಟೂ ಸೇರುವ ಜಾಗದಲ್ಲಿ ಅಲುಗಾಟ ಇದೆಯೇ ನೋಡಿ. ತಲೆಯನ್ನು ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು ಬಂದರೆ ಅಂಟು ಒಡೆದಿದೆ ಎಂದರ್ಥ. ಸ್ಟೀಲ್ ಶಾಫ್ಟಿನ ಮೇಲೆ ತುಕ್ಕಿನ ಗುಳಿ, ಗ್ರಾಫೈಟಿನ ಮೇಲೆ ಉಗುರಿಗೆ ಸಿಗುವ ಬಿರುಕು ಇದ್ದರೆ ಬಿಟ್ಟುಬಿಡಿ. ವೆಡ್ಜಿನ ಮುಖದ ಗೀರುಗಳು ನುಣ್ಣಗಾಗಿದ್ದರೆ ಚೆಂಡು ಹಸಿರಿನ ಮೇಲೆ ನಿಲ್ಲುವುದಿಲ್ಲ. ಹಾಗಾಗಿ ವೆಡ್ಜುಗಳನ್ನು ಮಾತ್ರ ಆದಷ್ಟು ಹೊಸದಾಗಿಯೇ ಕೊಳ್ಳಿ. ಆನ್‌ಲೈನಿನಲ್ಲಿ ದೊಡ್ಡ ಹೆಸರಿನ ಹೊಸ ಸೆಟ್ ಕಾಲು ಬೆಲೆಗೆ ಕಂಡರೆ ಅದು ನಕಲಿ. ಅಸಲಿ ಕ್ಲಬ್ಬುಗಳಲ್ಲಿ ಬಹುತೇಕ ಕಂಪನಿಗಳು ತಲೆಯ ಕುತ್ತಿಗೆಯ ಬಳಿ ಸರಣಿ ಸಂಖ್ಯೆ ಕೆತ್ತಿರುತ್ತವೆ, ಅದನ್ನು ಕಂಪನಿಗೇ ಬರೆದು ಕೇಳಬಹುದು. ಗ್ರಿಪ್ ಹಳೆಯದಾಗಿ ನುಣುಪಾಗಿದ್ದರೆ ಹೆದರಬೇಕಿಲ್ಲ, ಬದಲಿಸಲು ಹೆಚ್ಚು ಖರ್ಚಿಲ್ಲ. ಎಡಗೈಯಲ್ಲಿ ಹಿಡಿದಾಗ ನಡುಬೆರಳು, ಉಂಗುರದ ಬೆರಳಿನ ತುದಿ ಅಂಗೈಯನ್ನು ಸುಮ್ಮನೆ ಮುಟ್ಟಿದಂತಿದ್ದರೆ ಅಳತೆ ಸರಿ. ಬೆರಳು ಅಂಗೈಗೆ ಒತ್ತಿದರೆ ಸಣ್ಣದಾಯಿತು, ಮುಟ್ಟದೇ ಉಳಿದರೆ ದಪ್ಪವಾಯಿತು. ಕೊಯಮತ್ತೂರಿನ ಸೆಕೆಗೆ ಕೈ ಬೆವರುವವರು ದಾರದ ನೇಯ್ಗೆ ಇರುವ ಗ್ರಿಪ್ ಹಾಕಿಸಿಕೊಳ್ಳಿ.

ಹೆಣ್ಣುಮಕ್ಕಳಿಗೆ ಗುಲಾಬಿ ಬಣ್ಣದ ‘ಲೇಡೀಸ್ ಸೆಟ್’ ತೋರಿಸಿ ಸಾಗಹಾಕುವುದುಂಟು. ಅವು ಸಾಮಾನ್ಯ ಸೆಟ್ಟಿಗಿಂತ ಸುಮಾರು ಒಂದು ಅಂಗುಲ ಗಿಡ್ಡ, ಶಾಫ್ಟ್ ಬಹಳ ಬಳುಕುವುದು. ಐದು ಅಡಿಯ, ಮೆಲ್ಲಗೆ ಬೀಸುವ ಹೆಂಗಸಿಗೆ ಅದು ಸರಿ. ಹೊಲದಲ್ಲಿ ದುಡಿದು ಗಟ್ಟಿಯಾದ ತೋಳಿನ, ಐದೂವರೆ ಅಡಿಯ ಹುಡುಗಿಗೆ ಅದು ಬೆತ್ತ ಹಿಡಿದಂತಾಗುತ್ತದೆ; ಆಕೆಗೆ ಎ ಅಥವಾ ಆರ್ ಶಾಫ್ಟಿನ ಸಾಮಾನ್ಯ ಸೆಟ್ಟೇ ಬೇಕು. ಮೈಸೂರಿನ ಪ್ರಣವಿ ಅರಸ್ ಈಗ ಯೂರೋಪಿನ ಮಹಿಳಾ ಟೂರಿನಲ್ಲಿ ಆಡುತ್ತಿದ್ದಾರೆ. ನಮಗೆ ಅತಿ ಹತ್ತಿರದ ಮೈದಾನವಿರುವ ಊರಿನಿಂದಲೇ ಒಬ್ಬ ಹುಡುಗಿ ಅಲ್ಲಿಗೆ ಮುಟ್ಟಿರುವಾಗ, ಬಣ್ಣ ನೋಡಿ ಕ್ಲಬ್ ಕೊಳ್ಳುವ ಕಾಲ ಮುಗಿಯಬೇಕು. ಎಡಗೈಯವರು ಬಲಗೈ ಸೆಟ್ ಅಗ್ಗವೆಂದು ಕೈ ಬದಲಿಸಿಕೊಳ್ಳುವ ಮುನ್ನ ಎರಡೂ ಕಡೆಯಿಂದ ಹತ್ತತ್ತು ಚೆಂಡು ಹೊಡೆದು ನೋಡಿ. ಎಡಗೈ ಸೆಟ್ ಹುಡುಕಲು ತಿಂಗಳುಗಳೇ ಹಿಡಿಯಬಹುದು, ಕಾಯಿರಿ.

ಮನೆಯಲ್ಲಿ ಅಭ್ಯಾಸಕ್ಕೆ ಕೊಯ್ಲು ಮುಗಿದ ಸ್ವಂತ ಹೊಲಕ್ಕಿಂತ ಒಳ್ಳೆಯ ಜಾಗ ಇಲ್ಲ. ವೆಡ್ಜ್ ಹಿಡಿದು 20, 30 ಗಜದ ಏಟುಗಳನ್ನು ಗೋಣಿಚೀಲ ಹಾಸಿ ಅದರ ಮೇಲೆ ಬೀಳುವಂತೆ ಹೊಡೆಯಿರಿ. ಎಣಿಸಿ ಒಯ್ದ ಚೆಂಡುಗಳನ್ನು ಎಣಿಸಿಯೇ ವಾಪಸ್ ತನ್ನಿ. ಅವುಗಳ ರಬ್ಬರು, ಪ್ಲಾಸ್ಟಿಕ್ಕು ಮಣ್ಣಿನಲ್ಲಿ ಕರಗುವುದಿಲ್ಲ, ಮೇಯುವ ದನದ ಬಾಯಿಗೆ ಸಿಗಬಾರದು. ಕಾಡಿನ ಅಂಚಿನ ಕಡೆಗೆ ಮಾತ್ರ ಎಂದೂ ಹೊಡೆಯಬೇಡಿ. ಹೊತ್ತು ಮುಳುಗುವ ಮೊದಲೇ ಮನೆ ಸೇರಿ. ಆನೆ ಬರುವ ಹೊತ್ತಿಗೆ ಲಂಟಾನ ಪೊದೆಯಲ್ಲಿ ಚೆಂಡು ಹುಡುಕುತ್ತ ನಿಂತಿರುವುದು ಯಾರಿಗೂ ಬೇಡ.

ಮಕ್ಕಳಿಗೆ ದೊಡ್ಡವರ ಕ್ಲಬ್ಬನ್ನು ಅರ್ಧಕ್ಕೆ ಕತ್ತರಿಸಿ ಕೊಡುವ ಅಭ್ಯಾಸ ಇದೆ. ಉದ್ದ ಕಡಿಮೆಯಾದರೂ ತಲೆಯ ತೂಕ ಹಾಗೇ ಉಳಿಯುತ್ತದೆ, ಶಾಫ್ಟ್ ಕಬ್ಬಿಣದ ಸರಳಿನಂತೆ ಬಿಗಿಯಾಗುತ್ತದೆ. ಮಗು ಅದನ್ನು ಎತ್ತಲು ಮೈಯನ್ನೆಲ್ಲ ತಿರುಚಿ ಕೆಟ್ಟ ಸ್ವಿಂಗ್ ಕಲಿಯುತ್ತದೆ. ಮಕ್ಕಳ ಎತ್ತರಕ್ಕೆ ತಕ್ಕಂತೆ ಮಾಡಿದ ಹಗುರ ಕ್ಲಬ್ ಮೂರು ಸಾಕು, ಒಂದು ಐರನ್, ಒಂದು ವೆಡ್ಜ್, ಒಂದು ಪಟರ್. ಅದಿತಿ ಐದನೇ ವಯಸ್ಸಿನಲ್ಲಿ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಆಟಕ್ಕೆ ಕಾಲಿಟ್ಟಾಗ ಮೊದಲು ನಿಂತದ್ದೂ ಪಟಿಂಗ್ ಹಸಿರಿನ ಮೇಲೆಯೇ. ಮಗು ನಾಲ್ಕೈದು ಅಂಗುಲ ಬೆಳೆದಾಗ ಆ ಮೂರನ್ನು ಚಿಕ್ಕ ಮಕ್ಕಳಿರುವ ಇನ್ನೊಂದು ಮನೆಗೆ ದಾಟಿಸಿ ಮುಂದಿನ ಅಳತೆಯದು ತಗೊಳ್ಳಿ. ಕೊನೆಯದಾಗಿ, ಮಕ್ಕಳಿರಲಿ ದೊಡ್ಡವರಿರಲಿ, ಮೈದಾನಕ್ಕೆ ಹೊರಡುವ ಮುನ್ನ ಫೋನ್ ಮಾಡಿ, ಹೊರಗಿನವರು ಯಾವ ದಿನ, ಎಷ್ಟು ಗಂಟೆಗೆ ಆಡಬಹುದು, ಬಾಡಿಗೆಗೆ ಕ್ಲಬ್ ಸಿಗುತ್ತದೆಯೇ ಎಂದು ಕೇಳಿ. ಸಿಗುತ್ತದೆ ಎಂದರೆ ಮೊದಲ ಎರಡು ಮೂರು ಸಲ ಬಾಡಿಗೆಯದರಲ್ಲೇ ಆಡಿ, ಯಾವ ನಂಬರ್ ನಿಮ್ಮ ಕೈಯಲ್ಲಿ ಎಷ್ಟು ಗಜ ಹೋಯಿತು ಎಂದು ಲಾಫ್ಟು ಬರೆಯುವ ಆ ಚೀಟಿಯಲ್ಲೇ ಬರೆದುಕೊಂಡು, ಅದನ್ನು ಹಿಡಿದು ಅಂಗಡಿಗೆ ಹೋಗಿ.